ಅವಲಕ್ಕಿ ಸರ ಕರಗಿಸೋ ಮುಂಚೆ

ಬೆಂಗಳೂರಿನ ಯಾವುದೇ ದೊಡ್ಡ ಬಂಗಾರದಂಗಡಿಗೆ ಹೋಗಿ ನೋಡಿ, ಒಂದು ಕೌಂಟರಿನ ಮೇಲೆ 'ಆಂಟಿಕ್ ಕಲೆಕ್ಷನ್' ಅಂತ ಬೋರ್ಡು ಇದ್ದೇ ಇರತ್ತೆ. ಅಲ್ಲಿರೋ ಸರಗಳಿಗೆ ಹೆಚ್ಚೆಂದ್ರೆ ಮೂರು ತಿಂಗಳು ವಯಸ್ಸು. ಕಂಪ್ಯೂಟರಿನಲ್ಲಿ ಚಿತ್ರ ಬರೆದು, ಮೇಣದಲ್ಲಿ ಅಚ್ಚು ತೆಗೆದು, ಬಂಗಾರ ಹೊಯ್ದು, ಆಮೇಲೆ ಹೊಳಪು ಸ್ವಲ್ಪ ಕುಂದಿಸಿ, ಸಂದಿಗೊಂದಿಯಲ್ಲಿ ಕಪ್ಪು ಕೂತ ಹಾಗೆ ಕಾಣಿಸಿದ್ರೆ ಅದು 'ಆಂಟಿಕ್'. ಅದೇ ಅಂಗಡಿಯ ಇನ್ನೊಂದು ಮೂಲೇಲಿ 'ಹಳೇ ಬಂಗಾರ ಎಕ್ಸ್‌ಚೇಂಜ್' ಅಂತ ಇನ್ನೊಂದು ಬೋರ್ಡು. ಅಲ್ಲಿಗೆ ಬರೋದು ಮಾತ್ರ ನಿಜವಾಗ್ಲೂ ಹಳೇದು. ಐವತ್ತು, ಎಂಬತ್ತು ವರ್ಷ, ಕೆಲವೊಮ್ಮೆ ನೂರು... ಅದನ್ನ ತೂಗಿ, ಕರಗಿಸಿ, ಆ ದುಡ್ಡಲ್ಲಿ ಈ ಕಡೆ ಕೌಂಟರಿನ ಮೂರು ತಿಂಗಳ 'ಆಂಟಿಕ್' ಕೊಡ್ತಾರೆ. ಮಧ್ಯದಲ್ಲಿ ವೇಸ್ಟೇಜು, ಮೇಕಿಂಗ್ ಚಾರ್ಜು, ಅದರ ಮೇಲೆ ಜಿಎಸ್‌ಟಿ.

ಇದನ್ನ ನೋಡಿ ನಗು ಬರಬೇಕು. ನಂಗೆ ಬರ್ತಿಲ್ಲ, ಯಾಕಂದ್ರೆ ಈ ಚರ್ಚೆ ಈಗ ನಮ್ಮ ಮನೇಲೇ ನಡೀತಿದೆ. ದೊಡ್ಡಪ್ಪನ ಮಗಳ ಮದುವೆ. ಅಜ್ಜಿಯ ಅವಲಕ್ಕಿ ಸರ, ಒಂದು ಪವನಿನ ಸರ, ಒಂದು ಜೊತೆ ಬುಗುಡಿ, ಮೂರನ್ನೂ ಕರಗಿಸಿ ಹೊಸ ಸೆಟ್ ಮಾಡಿಸೋಣ ಅಂತ ಒಂದು ಪಕ್ಷ. ಬೇಡ ಅಂತ ಇನ್ನೊಂದು ಪಕ್ಷ. ನಾನು ಯಾವ ಪಕ್ಷ ಅಂತ ತಲೆಬರಹ ನೋಡಿದ್ರೇ ಗೊತ್ತಾಗತ್ತೆ. ಆದ್ರೆ 'ಹಳೇದೆಲ್ಲ ಚಿನ್ನ' ಅನ್ನೋ ಸೆಂಟಿಮೆಂಟಿಗೆ ಬಿದ್ದು ಹೇಳ್ತಿಲ್ಲ. (ಇಲ್ಲಿ ಹಳೇದು ನಿಜಕ್ಕೂ ಚಿನ್ನವೇ, ಆ ಮಾತು ಬೇರೆ :-))

ಮೊದಲು ಹೆಸರುಗಳನ್ನ ನೋಡಿ. ಅವಲಕ್ಕಿ ಸರ, ನೆಲ್ಲಿಕಾಯಿ ಸರ, ಮಾವಿನಕಾಯಿ ಹಾರ, ಮಲ್ಲಿಗೆ ಮೊಗ್ಗಿನ ಸರ, ಜಡೆಗೆ ಕೇದಿಗೆ. ಅಡುಗೆಮನೆ, ಹಿತ್ತಿಲು, ಬ್ಯಾಣ ಎಲ್ಲ ಸುತ್ತಿಬಂದು ಕುತ್ತಿಗೆಗೆ ಏರಿದ ಹೆಸರುಗಳಿವು. ಮಳೆಗಾಲದಲ್ಲಿ ಮನೆಯಿಂದ ಹೊರಗೆ ಕಾಲಿಡೋಕಾಗದ ಊರಿನಲ್ಲಿ ಕೂತ ಒಬ್ಬ ಅಕ್ಕಸಾಲಿಗ, ಕಣ್ಣೆದುರು ಇದ್ದಿದ್ದನ್ನೇ ಬಂಗಾರದಲ್ಲಿ ಮಾಡಿದ. ಕುಟ್ಟಿದ ಅವಲಕ್ಕಿ ನೋಡಿದೀರಲ್ಲ, ಒಂದು ಕಾಳಿನ ಹಾಗೆ ಇನ್ನೊಂದು ಇರಲ್ಲ, ಅಂಚು ಒಂದೊಂದು ಕಡೆ ತೆಳ್ಳಗೆ. ಅಜ್ಜಿಯ ಸರದ ಬಿಲ್ಲೆಗಳೂ ಹಾಗೇ ಇವೆ. ದೂರದಿಂದ ನೋಡಿದ್ರೆ ಎಲ್ಲ ಒಂದೇ. ಮೊಬೈಲ್ ಕ್ಯಾಮರಾದಲ್ಲಿ ಜೂಮ್ ಮಾಡಿದ್ರೆ ಒಂದೊಂದಕ್ಕೂ ಬೇರೆ ಬೇರೆ ಪೆಟ್ಟು. ಈಗಿನ ಮಶೀನು ಸರದಲ್ಲಿ ಮೊದಲ ಬಿಲ್ಲೆಗೂ ಕೊನೇ ಬಿಲ್ಲೆಗೂ ಕೂದಲೆಳೆ ವ್ಯತ್ಯಾಸ ಇರಲ್ಲ, ಕಾಪಿ ಪೇಸ್ಟ್. ಕಾಪಿ ಪೇಸ್ಟ್ ಮಾಡಿಯೇ ಅನ್ನ ತಿನ್ನೋನು ನಾನು, ಹಾಗಾಗಿ ಗುರುತು ಹಿಡಿಯೋಕೆ ಕಷ್ಟ ಆಗಲ್ಲ.

ಈ ಕೆಲಸ ಹ್ಯಾಗೆ ಆಗ್ತಿತ್ತು ಅನ್ನೋದು ನಮ್ಮ ಕಾಲದೋರಿಗೆ ಗೊತ್ತೇ ಇಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬಂಗಾರದ ಕೆಲಸ ಮಾಡೋರು ಹೆಚ್ಚಾಗಿ ಶೇಟ್ರು, ಕೆಲವು ಕಡೆ ಆಚಾರ್ರು. ಅಂಗಡಿಗೆ ಹೋಗಿ 'ಇದು ಕೊಡಿ' ಅನ್ನೋ ಕ್ರಮ ಇರಲಿಲ್ಲ. ಅಡಿಕೆ ದುಡ್ಡು ಕೈಗೆ ಬಂದ ವರ್ಷ ಶೇಟ್ರಿಗೆ ಹೇಳಿಕಳಿಸೋದು, ಅವರು ಸಾಮಾನು ಗಂಟು ಕಟ್ಟಿಕೊಂಡು ಮನೆಗೇ ಬರೋದು. ಜಗಲಿಯಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡು, ಊದುಗೊಳವೆ ಊದಿ, ಮನೆಯವರು ಕೊಟ್ಟ ಪವನನ್ನೇ ಮೂಸೆಯಲ್ಲಿ ಕರಗಿಸಿ ವಾರಗಟ್ಟಲೆ ಕೆಲಸ. ಊಟ ತಿಂಡಿ ಮನೇದೇ. ಎದುರಿಗೆ ಅಜ್ಜ ಕವಳ ಹಾಕ್ಕೊಂಡು ಕೂತಿರ್ತಿದ್ರು. ಕಲೆಯ ಮೇಲಿನ ಪ್ರೀತಿಗಲ್ಲ ಸ್ವಾಮಿ, ಕಾವಲಿಗೆ! ಅಕ್ಕನ ಚಿನ್ನವನ್ನೂ ಬಿಡಲ್ಲ ಅಂತ ಅಕ್ಕಸಾಲಿಗನ ಮೇಲೆ ಗಾದೆಯೇ ಇದೆಯಲ್ಲ. ಕೆಲಸ ಮುಗಿದ ಮೇಲೆ ಕೂತ ಜಾಗದ ಬೂದಿ, ಕಸವನ್ನೂ ಗುಡಿಸಿ ತೊಳೆದು ಪುಡಿ ಹುಡುಕೋರು. ಈಗ ಅದನ್ನೇ ನಾವು ವೇಸ್ಟೇಜ್ ಅಂತ ಪರ್ಸೆಂಟ್ ಲೆಕ್ಕದಲ್ಲಿ, ಕೇಳದೇ, ನಗುನಗುತ್ತಾ ಕೊಟ್ಟು ಬರ್ತೀವಿ. ಯಾರು ಯಾರಿಗೆ ಗಾದೆ ಮಾಡಬೇಕೋ ಗೊತ್ತಾಗಲ್ಲ.

ತೂಕಕ್ಕೆ ಗುಲಗಂಜಿ. ಬೇಲಿಸಾಲಲ್ಲಿ ಬಿಡೋ ಕೆಂಪು-ಕಪ್ಪು ಬೀಜ, ವಿಷ ಬೇರೆ. ಒಂದು ಗುಂಜಿ ಸುಮಾರು 0.12 ಗ್ರಾಂ, 96 ಗುಂಜಿಗೆ ಒಂದು ತೊಲ, ಅಂದ್ರೆ 11.66 ಗ್ರಾಂ. ನಾವು ಈಗ ಸ್ಟೈಲಾಗಿ ಹೇಳೋ 'ಕ್ಯಾರಟ್' ಅನ್ನೋ ಪದವೂ ಬೀಜದಿಂದಲೇ ಬಂದಿದ್ದು, ಮೆಡಿಟರೇನಿಯನ್ ಕಡೆಯ ಕ್ಯಾರಬ್ ಮರದ ಬೀಜ. ಅವರ ಹಿತ್ತಿಲಲ್ಲಿ ಅದಿತ್ತು, ನಮ್ಮ ಹಿತ್ತಿಲಲ್ಲಿ ಇದಿತ್ತು, ಅಷ್ಟೇ.

ಇನ್ನು ರವೆ ಕೆಲಸ. ಬುಗುಡಿ ತಲೆಯ ಮೇಲೆ, ಪದಕದ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಬಂಗಾರದ ಗುಂಡುಗಳು ಸಾಲಾಗಿ ಕೂತಿರ್ತಾವಲ್ಲ, ಅದು. ತೆಳ್ಳನೆ ತಂತಿಯನ್ನ ಚೂರು ಚೂರು ಕತ್ತರಿಸಿ ಇದ್ದಿಲ ಮೇಲೆ ಹಾಕಿ ಕಾಯಿಸಿದ್ರೆ ಪ್ರತಿ ಚೂರೂ ಕರಗಿ ತಾನೇ ಗುಂಡಗಾಗತ್ತೆ. ಎಲೆ ಮೇಲಿನ ನೀರಹನಿ ಗುಂಡಗಾಗೋ ಥರ. ಇಷ್ಟು ಸುಲಭ. ಕಷ್ಟ ಇರೋದು ಆ ಗುಂಡುಗಳನ್ನ ಬೆಸೆಯೋದ್ರಲ್ಲಿ. ಬಿಳಿಗಾರ ಹಚ್ಚಿ, ಊದುಗೊಳವೆಯಲ್ಲಿ ಉರಿಯನ್ನ ಬೇಕಾದ ಕಡೆಗೆ ತಿರುಗಿಸಬೇಕು. ಒಂದು ಉಸಿರು ಹೆಚ್ಚಾದ್ರೆ ಸಾಲು ಪೂರಾ ಕರಗಿ ಮುದ್ದೆ. ಕಡಿಮೆಯಾದ್ರೆ ನಾಳೆ ಉದುರತ್ತೆ. ಕೈಗೆ ಥರ್ಮಾಮೀಟರ್ ಇಲ್ಲ, ಬಂಗಾರದ ಬಣ್ಣ ನೋಡಿಯೇ ತಿಳೀಬೇಕು.

ಇಟಲಿಯ ಎಟ್ರುಸ್ಕನ್ ಜನ ಎರಡೂವರೆ ಸಾವಿರ ವರ್ಷಕ್ಕೂ ಹಿಂದೆ ಇದೇ ರವೆ ಕೆಲಸದಲ್ಲಿ ಎತ್ತಿದ ಕೈ. ಅವರ ನಂತರ ಆ ಕುಶಲತೆ ಅಲ್ಲಿ ತಪ್ಪಿಹೋಯ್ತು. 19ನೇ ಶತಮಾನದಲ್ಲಿ ರೋಮಿನ ಕಾಸ್ಟೆಲಾನಿ ಅನ್ನೋ ಅಕ್ಕಸಾಲಿಗ ಮನೆತನ ಗೋರಿಗಳಿಂದ ಸಿಕ್ಕ ಒಡವೆ ಎದುರಿಗಿಟ್ಟುಕೊಂಡು ಅದನ್ನ ಮತ್ತೆ ಮಾಡೋಕೆ ಹೊರಟಿತು. ಹಳ್ಳಿಹಳ್ಳಿಯಲ್ಲಿ ಹಳೇ ಕೆಲಸಗಾರರನ್ನ ಹುಡುಕಿ ಕರೆತಂದರು. ಸೊಗಸಾದ ಒಡವೆ ಮಾಡಿದ್ರು, ಹೆಸರೂ ಬಂತು, ಆದ್ರೆ ಎಟ್ರುಸ್ಕನ್ನರ ಅತಿ ಸಣ್ಣ ರವೆ ಮಾತ್ರ ಸಾಧಿಸಲಿಲ್ಲ. 1930ರ ದಶಕದಲ್ಲಿ ಇಂಗ್ಲೆಂಡಿನ ಲಿಟ್ಲ್‌ಡೇಲ್ ಅನ್ನೋರು ತಾಮ್ರದ ಲವಣದಿಂದ ಬೆಸೆಯೋ ಕ್ರಮಕ್ಕೆ ಪೇಟೆಂಟ್ ತಗೊಂಡ ಮೇಲೆ ಗಂಟು ಬಿಚ್ಚಿತು. ಒಂದು ಸಲ ಕೈ ತಪ್ಪಿದ ಕಸುಬು ಹಿಡಿಯೋಕೆ ಇಷ್ಟು ಪಾಡು. ನಮ್ಮೂರಲ್ಲಿ ಆ ಕೈ ಇನ್ನೂ ಒಂದೆರಡು ಉಳಿದಿದೆ, ನಾವು ಅದರ ಎದುರಿಗೇ ಕೂತು ಕೊಯಮತ್ತೂರಿನ ರೆಡಿಮೇಡ್ ಬಳೆ ಆರಿಸ್ತಿದ್ದೀವಿ.

ಹಳೇ ಒಡವೆ ಹಿಡಿದು ಯಾರು ಮಾಡಿದ್ದು, ಯಾವ ವರ್ಷದ್ದು ಅಂತ ಹೇಳೋಕೆ ನಮ್ಮಲ್ಲಿ ದಾರಿ ಇಲ್ಲ. ಲಂಡನ್ನಿನಲ್ಲಿ 1300ನೇ ಇಸವಿಯಿಂದಲೇ ಶುದ್ಧತೆಗೆ ಚಿರತೆ ತಲೆಯ ಮುದ್ರೆ, 1478ರಿಂದ ವರ್ಷಕ್ಕೊಂದು ಅಕ್ಷರ. ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲಿ ಹೊಡೆಯೋ ಮಾರ್ಕು, ಅದಕ್ಕೇ ಹಾಲ್‌ಮಾರ್ಕ್. ಅಲ್ಲಿನ ಹಳೇ ಬೆಳ್ಳಿ ಚಮಚವೂ ತನ್ನ ಜಾತಕ ತಾನೇ ಹೇಳತ್ತೆ. ನಮ್ಮ ಶೇಟ್ರು ಹೆಸರು ಕೆತ್ತಲಿಲ್ಲ. ಜಾತಕ ಇದ್ದಿದ್ದು ಅಜ್ಜಿಯರ ಬಾಯಲ್ಲಿ. ಡಾಕ್ಯುಮೆಂಟೇಶನ್ ಇಲ್ಲದ ಲೆಗಸಿ ಕೋಡ್ ಥರ, ಬರೆದೋನು ಕೆಲಸ ಬಿಟ್ಟು ಹೋಗಿದಾನೆ, ಕೋಡು ಮಾತ್ರ ಓಡ್ತಾನೇ ಇದೆ.

ಆ ಕೈಗಳು ಎಲ್ಲಿ ಹೋದ್ವು? ಎಲ್ಲಾ ಮಶೀನಿನ ತಪ್ಪು ಅನ್ನೋದು ಅರ್ಧ ಸತ್ಯ. 1963ರ ಜನವರಿಯಲ್ಲಿ, ಚೀನಾ ಯುದ್ಧದ ಬೆನ್ನಿಗೆ, ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿಯವರು ಚಿನ್ನ ನಿಯಂತ್ರಣ ತಂದ್ರು. 14 ಕ್ಯಾರಟ್‌ಗಿಂತ ಹೆಚ್ಚು ಶುದ್ಧತೆಯ ಒಡವೆ ಮಾಡೋ ಹಾಗಿಲ್ಲ! 22 ಕ್ಯಾರಟ್ಟಿನ ಮೆದು ಬಂಗಾರಕ್ಕೆ ಹೊಂದಿಕೊಂಡ ಕೈಗೆ 14 ಕ್ಯಾರಟ್ ಕೊಟ್ರೆ ಅದು ಬಗ್ಗಲ್ಲ, ಬಣ್ಣವೂ ಬರಲ್ಲ, ಕೊಳ್ಳೋರೂ ಇಲ್ಲ. ದೇಶದ ಉದ್ದಗಲಕ್ಕೂ ಅಕ್ಕಸಾಲಿಗರು ಕೆಲಸ ಕಳಕೊಂಡ್ರು, ಆತ್ಮಹತ್ಯೆಗಳೂ ಆದ್ವು. 14 ಕ್ಯಾರಟ್ಟಿನ ಕಟ್ಟುಪಾಡು ಕೆಲವು ವರ್ಷಕ್ಕೆ ಸಡಿಲಾಯ್ತು, ಆದ್ರೆ 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೇ ಬಂತು, ಅದು ರದ್ದಾಗಿದ್ದು 1990ರಲ್ಲಿ. ಇಪ್ಪತ್ತೇಳು ವರ್ಷ. ಒಂದು ತಲೆಮಾರಿನ ಮಕ್ಕಳು ಅಪ್ಪನ ಪಕ್ಕ ಕೂತು ಕಲಿಯೋ ಬದಲು ಬೇರೆ ಕೆಲಸ ಹುಡುಕಿಕೊಂಡು ಹೋಗೋಕೆ ಸಾಕಾದಷ್ಟು ಕಾಲ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ಅವಲಕ್ಕಿ ಸರದ ಕೊಕ್ಕೆ ಮುರಿದಿತ್ತು ಅಂತ ಹೊಸನಗರದ ಒಬ್ಬ ಹಳೇ ಶೇಟ್ರ ಹತ್ರ ತಗೊಂಡು ಹೋಗಿದ್ದೆ. ಎಪ್ಪತ್ತು ದಾಟಿದೋರು. ಸರವನ್ನ ಮೊದಲು ತೂಗಲಿಲ್ಲ. ತಿರುಗಿಸಿ ಹಿಂಬದಿ ನೋಡಿದ್ರು.

"ಕೈಕೆಲಸ ನೋಡಬೇಕು ಅಂದ್ರೆ ಹಿಂದೆ ನೋಡ್ಬೇಕು ತಮ್ಮಾ. ಮುಂದೆ ಎಲ್ಲರೂ ಚಂದ ಮಾಡ್ತಾರೆ. ಇದು ಎರಡು ಸಲ ರಿಪೇರಿ ಆಗಿದೆ. ಈ ಕಡೇದು ಒಳ್ಳೇ ಕೈ, ಆ ಕಡೇದು ಯಾರೋ ಅವಸರದಲ್ಲಿ ಮಾಡಿದ್ದು."

"ಈಗ ಇಂಥದ್ದು ಹೊಸದಾಗಿ ಮಾಡೋಕಾಗತ್ತಾ ಶೇಟ್ರೇ?"

"ಆಗದೆ ಎಂತ? ತಿಂಗಳು ಕೂರಬೇಕು. ತಿಂಗಳ ಕೂಲಿ ಯಾರು ಕೊಡ್ತಾರೆ ಹೇಳಿ. ಮಗ ಬೆಂಗಳೂರಲ್ಲಿ ಇದ್ದಾನೆ, ನಿಮ್ಮ ಥರಾನೇ ಕಂಪ್ಯೂಟರ್ರು."

ಅಲ್ಲಿಗೆ ನನ್ನ ಬಾಯಿ ಬಂದಾಯ್ತು.

ಈಗ ಆ ಕಡೆ ಪಕ್ಷದ ವಾದವನ್ನೂ ಹೇಳಬೇಕು, ಯಾಕಂದ್ರೆ ಅದರಲ್ಲಿ ಹುರುಳಿದೆ. ಹಳೇ ಒಡವೆಯ ಬಗ್ಗೆ ಬರೆಯೋರು (ನಮ್ಮ ಬ್ಲಾಗಿಗರನ್ನೂ ಸೇರಿಸಿ) ಅಜ್ಜಿ, ಸಂದೂಕ, ಕರ್ಪೂರದ ವಾಸನೆ ಅಂತ ಬರೆದು ಮುಗಿಸ್ತಾರೆ. ಆ ಬಂಗಾರಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ಬರೆಯಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ಗೇಣಿ ಭತ್ತ ಅಳೆಯೋ ಕೊಳಗದ ಗಾತ್ರದ ವಿಚಾರಕ್ಕೆ. ಒಡೆಯರ ಮನೆಯೊಳಗೆ ಗುಲಗಂಜಿ ಲೆಕ್ಕದಲ್ಲಿ ಬಂಗಾರ ತೂಗ್ತಿದ್ದ ಕಾಲದಲ್ಲೇ ಅಂಗಳದಲ್ಲಿ ಅಳತೆ ಬೇರೆ ಥರ ಇತ್ತು. ಇನ್ನು ಮನೆಯೊಳಗೂ ಅಷ್ಟೇ. 'ಆಸ್ತಿ ಗಂಡುಮಕ್ಕಳಿಗೆ, ಬಂಗಾರ ಹೆಣ್ಣುಮಕ್ಕಳಿಗೆ' ಅಂತ ನ್ಯಾಯ ಮಾಡಿದ ಹಾಗೆ ಹೇಳೋದು, ಆ ಬಂಗಾರದ ಪೆಟ್ಟಿಗೆ ಬೀಗದ ಕೈ ಅಜ್ಜನ ಜನಿವಾರದಲ್ಲಿ. ಗಂಡ ಸತ್ತರೆ ಅದೂ ಮೈಮೇಲಿಲ್ಲ. ನಮ್ಮ ಅಜ್ಜಿ ಅವಲಕ್ಕಿ ಸರ ಹಾಕ್ಕೊಂಡಿದ್ದು ಒಟ್ಟು ಹದಿನಾಲ್ಕು ವರ್ಷ ಮಾತ್ರ, ಆಮೇಲೆ ಐವತ್ತು ವರ್ಷ ಅದನ್ನ ಕಾದಿದ್ದು.

ಕರಗಿಸಿದ್ದರಿಂದ ಬದುಕಿದ ಮನೆಗಳೂ ಇವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದಾಗ ಅಜ್ಜಿಯ ತವರೂ ಮುಳುಗಿತು. ಗದ್ದೆ ಹೊತ್ತುಕೊಂಡು ಹೋಗೋಕಾಗಲ್ಲ, ತೋಟ ಕಿತ್ತುಕೊಂಡು ಹೋಗೋಕಾಗಲ್ಲ. ಸಾವಿರಾರು ಸಂಸಾರ ಲಾರಿ ಹತ್ತಿ ಬೇರೆ ಕಾಡಿಗೆ ಹೋಗುವಾಗ ಮಡಿಲಲ್ಲಿ ಕಟ್ಟಿಕೊಂಡು ಹೋಗೋಕೆ ಆಗಿದ್ದು ಬಂಗಾರ ಒಂದೇ. ಅಜ್ಜಿಯ ಅಮ್ಮನ ಡಾಬು ಆ ವರ್ಷವೇ ಮನೆಯ ಹೆಂಚಾಯ್ತು, ಎರಡು ವಂಕಿ ಎತ್ತಾದವು. ಯಾರೂ ಅತ್ತಿಲ್ಲ. ಅದು ಇದ್ದಿದ್ದೇ ಅದಕ್ಕೆ. ಈಗ ಹೊಸನಗರ, ತೀರ್ಥಹಳ್ಳಿ ಕಡೆ ಎಲೆಚುಕ್ಕೆ ರೋಗ ಬಂದು ತೋಟ ಒಣಗ್ತಿರುವಾಗ ಸೊಸೈಟಿಯಲ್ಲಿ ಬಂಗಾರ ಅಡವಿಡೋರಿಗೆ 'ಅಯ್ಯೋ ಎಂಥಾ ಕುಸುರಿ, ಮಾರಬೇಡಿ' ಅಂತ ಬೆಂಗಳೂರಿಂದ ಫೋನು ಮಾಡಿ ಹೇಳೋ ಅಧಿಕಾರ ನಂಗಿಲ್ಲ.

ನನ್ನ ತಕರಾರು ಇರೋದು ಕಷ್ಟಕ್ಕೆ ಕರಗಿಸೋದ್ರ ಬಗ್ಗೆ ಅಲ್ಲ, ಫ್ಯಾಷನ್ನಿಗೆ ಕರಗಿಸೋದ್ರ ಬಗ್ಗೆ. ಸೆಂಟಿಮೆಂಟು ಬಿಡಿ, ಲೆಕ್ಕವೇ ಕೂರಲ್ಲ. ಒಂದು 40 ಗ್ರಾಮಿನ ಹಳೇ ಸರ ತಗೊಳ್ಳಿ. ಹಳೇ ಬೆಸುಗೆಯಲ್ಲಿ ತಾಮ್ರ, ಬೆಳ್ಳಿ ಸೇರಿರೋದ್ರಿಂದ ಕರಗಿಸಿದಾಗ ಪೂರ್ತಿ 22 ಕ್ಯಾರಟ್ ಬರಲ್ಲ, 20 ಬಂತು ಅಂತಿಟ್ಕೊಳ್ಳಿ. ಶುದ್ಧ ಬಂಗಾರ 33.3 ಗ್ರಾಂ, 22 ಕ್ಯಾರಟ್ ಲೆಕ್ಕದಲ್ಲಿ 36.4 ಗ್ರಾಂ. ಹೊಸ ಒಡವೆಗೆ ಮೇಕಿಂಗು, ವೇಸ್ಟೇಜು ಸೇರಿ ನೂರಕ್ಕೆ 15 ಅಂತ ಹಿಡೀರಿ ('ಆಂಟಿಕ್' ಕೌಂಟರಿನಲ್ಲಿ ಇದಕ್ಕಿಂತ ಜಾಸ್ತಿಯೇ ಕೇಳ್ತಾರೆ). ಒಟ್ಟು ಬಿಲ್ಲಿನ ಮೇಲೆ 3 ಪರ್ಸೆಂಟ್ ಜಿಎಸ್‌ಟಿ. ಕೈಯಿಂದ ಒಂದು ರೂಪಾಯಿ ಹಾಕದೇ ಬರೋ ಹೊಸ ಸರ 30.7 ಗ್ರಾಂ. ಒಂಬತ್ತು ಗ್ರಾಂ ಚಿಲ್ಲರೆ ಕಮ್ಮಿ! ಹತ್ತು ಗ್ರಾಂ ಬಂಗಾರ 2025ರಲ್ಲೇ ಲಕ್ಷ ರೂಪಾಯಿ ದಾಟಿದೆ. ಹಳೇ ಒಡವೆಯೊಳಗೆ ನೆಗ್ಗಬಾರದು ಅಂತ ಅರಗು ತುಂಬಿದ್ರೆ, ಕಲ್ಲಿದ್ರೆ, ಅದರ ತೂಕವೂ ಕಳೀತಾರೆ. ಈ ಲೆಕ್ಕವನ್ನ ಎಕ್ಸೆಲ್ ಶೀಟಿನಲ್ಲಿ ಹಾಕಿ ಮನೆಯ ವಾಟ್ಸಾಪ್ ಗ್ರೂಪಿಗೆ ಕಳಿಸಿದೆ. ದೊಡ್ಡಪ್ಪ 'ಗುಡ್ ಮಾರ್ನಿಂಗ್' ಅಂತ ಹೂವಿನ ಚಿತ್ರ ಕಳಿಸಿದ್ರು.

ಕಾನೂನೂ ನಮ್ಮ ಕಡೆಗಿಲ್ಲ. 2021ರ ಜೂನ್ 16ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯ ಆಯ್ತು, 2023ರ ಏಪ್ರಿಲ್‌ನಿಂದ ಆರಕ್ಷರದ ಎಚ್‌ಯುಐಡಿ ನಂಬರೂ ಬೇಕು. ಗಿರಾಕಿಗೆ ಮೋಸ ಆಗಬಾರದು ಅಂತ ಮಾಡಿದ್ದು, ಒಳ್ಳೇದೇ. ನಮ್ಮ ಹತ್ರ ಇರೋ ಹಾಲ್‌ಮಾರ್ಕ್ ಇಲ್ಲದ ಒಡವೆಯನ್ನ ಅಂಗಡಿಗೆ ಮಾರೋಕೇನೂ ಅಡ್ಡಿಯಿಲ್ಲ. ಆದ್ರೆ ಆ ಅಂಗಡಿಯವರು ಅದನ್ನ ಇದ್ದ ಹಾಗೇ ಇನ್ನೊಬ್ಬರಿಗೆ ಮಾರಬೇಕಂದ್ರೆ ಮುದ್ರೆ ಬೇಕು. ಬೆಸುಗೆಗೊಂದು ಶುದ್ಧತೆ, ಬಿಲ್ಲೆಗೊಂದು ಶುದ್ಧತೆ ಇರೋ ಸರಕ್ಕೆ ಮುದ್ರೆ ಸಿಗೋದು ಕಷ್ಟ. ಸುಲಭದ ದಾರಿ ಮೂಸೆ. ಉತ್ತರ ಭಾರತದ ಕುಂದನ್, ಪೋಲ್ಕಿ, ಜಡಾವು ಒಡವೆಗಳಿಗೆ ಹಾಲ್‌ಮಾರ್ಕಿನಿಂದ ವಿನಾಯಿತಿ ಕೊಟ್ಟಿದಾರೆ. ಹಳೇ ಕೈಕೆಲಸದ ಒಡವೆಗೂ ಅಂಥದ್ದೇ ಒಂದು ದಾರಿ, 'ಹಳೇದು, ಸರಾಸರಿ ಶುದ್ಧತೆ ಇಷ್ಟು' ಅಂತ ಬರೆದು ಮುದ್ರೆ ಇಲ್ಲದೇ ಮಾರೋ ದಾರಿ, ಇರಬೇಕು ಅನ್ನೋದು ನನ್ನ ಅಭಿಪ್ರಾಯ. ಇನ್ನೊಂದು ತಮಾಷೆ ಕೇಳಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕರಕುಶಲ ವಸ್ತುವನ್ನ ನಾವು ದೇಶದಿಂದ ಹೊರಗೆ ಸಾಗಿಸೋ ಹಾಗಿಲ್ಲ. ಮದುಮಗ ಇರೋದು ನ್ಯೂಜೆರ್ಸಿಯಲ್ಲಿ. ಕರಗಿಸಿ ಹೊಸದು ಮಾಡಿಸಿ ಹಾಕ್ಕೊಂಡು ಹೋದ್ರೆ ಪುರಾವಸ್ತು ಅಂತ ಕೇಳೋರಿಲ್ಲ. ಅಜ್ಜಿಯ ಸರಕ್ಕೆ ನೂರು ತುಂಬಿಲ್ಲ, ಬಚಾವ್.

ಪವನಿನ ಸರದ ಬಗ್ಗೆ ಒಂದು ಮಾತು, ನಿಮ್ಮನೇಲಿದ್ರೆ ಉಪಯೋಗ ಆಗತ್ತೆ. ಈ ಸರಗಳಲ್ಲಿ ಕೆಲವು ನಿಜವಾದ ಬ್ರಿಟಿಷ್ ಪವನುಗಳು, ಕೆಲವು ಇಲ್ಲೇ ಅಚ್ಚು ಹೊಡೆದ ಬಿಲ್ಲೆಗಳು. ನಿಜವಾದ ಪವನು 22 ಕ್ಯಾರಟ್, 7.98 ಗ್ರಾಂ, ಒಂದು ಕಡೆ ರಾಜನೋ ರಾಣಿಯೋ, ಇನ್ನೊಂದು ಕಡೆ ಸಾಮಾನ್ಯವಾಗಿ ಕುದುರೆ ಮೇಲೆ ಕೂತು ಡ್ರ್ಯಾಗನ್ ಕೊಲ್ತಿರೋ ಜಾರ್ಜ್. ಬ್ರಿಟಿಷರ ಕಾಲದಲ್ಲಿ ಮುಂಬೈ ಟಂಕಸಾಲೆಯಲ್ಲಿ ಪವನು ಅಚ್ಚು ಹಾಕಿದ್ದು 1918ರಲ್ಲಿ ಮಾತ್ರ. ಅಂಥದ್ದರ ಮೇಲೆ ಇಸವಿಗಿಂತ ಸ್ವಲ್ಪ ಮೇಲೆ ಇಂಗ್ಲಿಷಿನ 'ಐ' ಅಕ್ಷರ ಸಣ್ಣದಾಗಿ ಇರತ್ತೆ. ಕಣ್ಣು ಕಿರಿದು ಮಾಡಿ ನೋಡಿ, ಕರಗಿಸೋಕೆ ಕೊಡೋ ಮುಂಚೆ. ಇನ್ನೂ ಅದೃಷ್ಟ ಇದ್ದೋರ ಮನೇಲಿ ಇಕ್ಕೇರಿ ವರಹವೂ ಇರಬಹುದು. ಸುಮಾರು 3.4 ಗ್ರಾಮಿನ ಪುಟ್ಟ ಬಂಗಾರದ ನಾಣ್ಯ, ಮೇಲೆ ಶಿವಪಾರ್ವತಿ. ಕೆಳದಿ ಅರಸರ ಈ ನಾಣ್ಯಕ್ಕೆ ಎಷ್ಟು ಬೆಲೆ ಇತ್ತಂದ್ರೆ, 1763ರಲ್ಲಿ ಬಿದನೂರು ಗೆದ್ದ ಹೈದರಾಲಿ ಊರಿನ ಹೆಸರನ್ನೇ ಹೈದರನಗರ ಅಂತ ಬದಲಾಯಿಸಿದ (ಈಗಿನ ಹೊಸನಗರ ತಾಲ್ಲೂಕಿನ ನಗರ), ಆದ್ರೆ ನಾಣ್ಯದ ಮೇಲಿನ ಶಿವಪಾರ್ವತಿಯರನ್ನ ಹಾಗೇ ಬಿಟ್ಟು ಹಿಂದೆ ತನ್ನ ಹೆಸರಿನ ಮೊದಲಕ್ಷರ ಹಾಕಿಕೊಂಡ. ಊರು ಗೆದ್ದೋನೂ ಕರಗಿಸೋಕೆ ಹಿಂದೆಮುಂದೆ ನೋಡಿದ ವಿನ್ಯಾಸ ಅದು.

ಮನೆಯ ಚರ್ಚೆ ಎಲ್ಲಿಗೆ ಬಂತು ಅಂತ ಕೇಳ್ತೀರೇನೋ. ಬುಗುಡಿ ಉಳೀತು. ಅದಕ್ಕೆ ಕಾರಣ ನನ್ನ ಭಾಷಣ ಅಲ್ಲ. ಕಿವಿಯ ಮೇಲಂಚಿಗೆ ಹಾಕೋ ಬುಗುಡಿ ಹಳ್ಳಿ ಅಜ್ಜಿಯರ ಗುರುತು ಅಂತ ನಮ್ಮ ಅಮ್ಮನ ಕಾಲದೋರು ಚುಚ್ಚಿಸೋದನ್ನೇ ಬಿಟ್ಟಿದ್ರು. ಮದುಮಗಳು ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ದುಡ್ಡು ಕೊಟ್ಟು 'ಹೆಲಿಕ್ಸ್ ಪಿಯರ್ಸಿಂಗ್' ಮಾಡಿಸ್ಕೊಂಡು ಬಂದು ಬೈಸಿಕೊಂಡಿದ್ಲು. ಮೊನ್ನೆ ಸುಮ್ಮನೆ ಬುಗುಡಿ ಹಿಡಿದು ನೋಡಿದ್ರೆ ಸರಿಯಾಗಿ ಅದೇ ಜಾಗ. ಕನ್ನಡಿ ಮುಂದಿಂದ ಏಳಲೇ ಇಲ್ಲ. ಪವನಿನ ಸರದಲ್ಲಿ ಅರ್ಧ ಬಿಲ್ಲೆಗಳು ಇಲ್ಲೇ ಹೊಡೆದವು ಅಂತ ಗೊತ್ತಾಗಿದೆ. ಅವನ್ನ ಕೊಟ್ಟು ನಿಜವಾದ ಪವನು ಉಳಿಸಿಕೊಳ್ಳೋದು ಅಂತ ಆಗಿದೆ, ನಾನೂ ಒಪ್ಪಿದೆ.

ಅವಲಕ್ಕಿ ಸರದ ತೀರ್ಮಾನ ಇನ್ನೂ ಆಗಿಲ್ಲ. ಅಜ್ಜಿ ಹೋಗಿ ಆರು ವರ್ಷ ಆಯ್ತು. "ಆನು ಇಪ್ಪಷ್ಟು ದಿನ ಕರಗ್ಸಡಿ" ಅಂದಿದ್ರು. 'ಅವರು ಇರೋವರೆಗೆ ಅಂದಿದ್ರು ತಾನೇ' ಅನ್ನೋದು ದೊಡ್ಡಪ್ಪನ ವಾದ. ಕಾನೂನಿನ ಪ್ರಕಾರ ಅವರು ಹೇಳೋದು ಸರಿ. ಹೊಸ ಸೆಟ್ಟಿಗೆ ಕಮ್ಮಿ ಬೀಳೋ ದುಡ್ಡಲ್ಲಿ ನನ್ನ ಪಾಲು ಎಷ್ಟು ಅಂತ ಲೆಕ್ಕ ಹಾಕಿ ಹೇಳಿದೀನಿ, ಈ ವರ್ಷದ ಬೋನಸ್ಸಿನ ಮುಕ್ಕಾಲು ಭಾಗ. ಇನ್ನೂ ಉತ್ತರ ಬಂದಿಲ್ಲ. ಅಷ್ಟರಲ್ಲಿ ಸರವನ್ನ ಹಿಂದೆ ಮುಂದೆ ಎರಡೂ ಕಡೆ ಫೋಟೋ ಹೊಡೆದು, ಬಿಲ್ಲೆ ಎಣಿಸಿ, ತೂಕ ಬರೆದು, ಯಾರ ಮದುವೆಗೆ ಮಾಡಿಸಿದ್ದು, ಯಾವ ಊರಿನ ಶೇಟ್ರ ಕೈದು ಅಂತ ಅಮ್ಮನಿಂದ ಕೇಳಿ ಒಂದು ಪುಟ ಬರೆದಿಟ್ಟಿದೀನಿ. ಅಮ್ಮನಿಗೆ ನೆನಪಿಲ್ಲದ್ದನ್ನ ತೀರ್ಥಹಳ್ಳಿಯ ಅತ್ತೆ ಹೇಳಿದ್ರು. ಅತ್ತೆಗೆ ಎಂಬತ್ತೊಂದು. ನಿಮ್ಮನೇಲೂ ಅಂಥ ಒಬ್ಬ ಅತ್ತೆ ಇದ್ರೆ ಈ ವಾರವೇ ಒಂದು ಫೋನು ಹಾಕಿ, ಸಂಜೆ ಹೊತ್ತಿಗೆ, ಕರೆಂಟು ಹೋಗೋ ಮುಂಚೆ.